ಕಣಿವೆಯ ಬಾಯಲ್ಲಿ ಯಾರೂ ಇರಲಿಲ್ಲ

ಯಾಂಗ್ ಮನೆತನದ ಕಥೆಯನ್ನು ಎಂಟು ಗಂಡುಮಕ್ಕಳಿಲ್ಲದೆ ಸಿನಿಮಾ ಮಾಡೋಣ ಎಂದಾಗ, ಪಾಂಡವರನ್ನು ಬಿಟ್ಟು ಮಹಾಭಾರತ ಆಡಿಸಲು ಹೊರಟವನನ್ನು ನೋಡುವ ಹಾಗೆ ನಿರ್ಮಾಪಕರು ನನ್ನನ್ನು ನೋಡಿದರು. ಚೀನಾದಲ್ಲಿ ಆ ಕಥೆ ಗೊತ್ತಿಲ್ಲದ ಅಜ್ಜಿಯಿಲ್ಲ. ಸೋಂಗ್ ರಾಜ್ಯದ ಗಡಿ ಕಾಯುವ ತಂದೆ, ವುತಾಯ್ ಬೆಟ್ಟದಲ್ಲಿ ಸನ್ಯಾಸಿಯಾಗುವ ಐದನೆಯ ಮಗ, ಶತ್ರುವಿನ ರಾಜಕುಮಾರಿಯನ್ನೇ ವರಿಸುವ ನಾಲ್ಕನೆಯವನು, ಗಂಡಂದಿರು ಸತ್ತ ಮೇಲೆ ಯುದ್ಧಕ್ಕೆ ಹೊರಡುವ ಸೊಸೆಯಂದಿರು. ಇದರಲ್ಲಿ ಏನನ್ನು ಬಿಟ್ಟರೂ ಯಾರಿಗಾದರೂ ಸಿಟ್ಟು ಬರುತ್ತದೆ.

ಮೊದಲು ನಾನೂ ಎಲ್ಲವನ್ನೂ ತುಂಬಿಯೇ ಬರೆದಿದ್ದೆ. ಹೆಂಗ್‌ದಿಯನ್ ಎಂಬ ಸಿನಿಮಾ ಊರಿನ ಸೆಟ್ಟುಗಳಲ್ಲಿ ಮೂರು ದಿನ ಪ್ರಯೋಗಕ್ಕೆಂದು ಚಿತ್ರೀಕರಿಸಿದೆವು. ಶಿರಸ್ತ್ರಾಣ ಹಾಕಿದ ಮೇಲೆ ಎಂಟು ಜನರೂ ಒಂದೇ ಮುಖ. ಈಗ ಸತ್ತವನು ಯಾರು ಎಂದು ಸಂಕಲನಕಾರನೇ ಕೇಳಿದ. ಒಬ್ಬೊಬ್ಬನ ಈಟಿಗೂ ಒಂದೊಂದು ಬಣ್ಣದ ಬಟ್ಟೆ ಕಟ್ಟಿದೆವು; ಯುದ್ಧಭೂಮಿ ಚುನಾವಣೆಯ ಮೆರವಣಿಗೆಯಾಯಿತು. ಸುಮಾರು ಎಂಟು ಲಕ್ಷ ಯುವಾನ್ ಅಲ್ಲಿಗೇ ಹೋಯಿತು. ಒಟ್ಟು ಬಜೆಟ್ಟೇ ಅರವತ್ತು ಲಕ್ಷ, ಅಂದರೆ ನಮ್ಮ ಏಳು ಕೋಟಿ ರೂಪಾಯಿ ಆಸುಪಾಸು.

ಆಗ ನಾನು ದಂತಕಥೆಯನ್ನು ಪಕ್ಕಕ್ಕಿಟ್ಟು ಸೋಂಗ್ ವಂಶದ ಅಧಿಕೃತ ಇತಿಹಾಸ ತೆರೆದೆ. ಅಲ್ಲಿ ಆ ತಂದೆ, ಯಾಂಗ್ ಯೆಗೆ ಸಿಕ್ಕಿರುವ ಜಾಗ ಚಿಕ್ಕದು, ಆದರೆ ಅದರೊಳಗೆ ಇಡೀ ಸಿನಿಮಾ ಇದೆ. 986ರಲ್ಲಿ ಉತ್ತರದ ಶತ್ರುರಾಜ್ಯ ಲಿಯಾವೊದ ಸೈನ್ಯದ ಮೇಲೆ ಈಗ ಏರಿ ಹೋಗುವುದು ಬೇಡ ಎಂದು ಅವನು ಹೇಳುತ್ತಾನೆ. ಅಜೇಯನೆಂದು ಹೆಸರಾದವನು ಹಿಂಜರಿಯುತ್ತಿದ್ದೀಯಲ್ಲ, ಬೇರೇನಾದರೂ ಆಲೋಚನೆ ಇದೆಯೋ ಎಂದು ಸೇನೆಯ ಮೇಲ್ವಿಚಾರಕ ವಾಂಗ್ ಶೆನ್ ಕುಟುಕುತ್ತಾನೆ. ಸರಿ, ಹೊರಡುತ್ತೇನೆ, ಆದರೆ ಚೆನ್‌ಜಿಯಾಗು ಕಣಿವೆಯ ಬಾಯಿಯ ಎರಡೂ ಬದಿಗೆ ಬಿಲ್ಲಾಳುಗಳನ್ನು ನಿಲ್ಲಿಸಿರಿ ಎನ್ನುತ್ತಾನೆ ಯಾಂಗ್ ಯೆ. ಅವರು ನಿಲ್ಲಿಸುತ್ತಾರೆ, ಬೆಳಗಿನ ಜಾವದಿಂದ ಕಾಯುತ್ತಾರೆ. ಶತ್ರು ಸೋತಿರಬೇಕು ಎಂದುಕೊಂಡ ವಾಂಗ್ ಶೆನ್ ಗೆಲುವಿನಲ್ಲಿ ಪಾಲು ಪಡೆಯಲು ಜಾಗ ಬಿಡುತ್ತಾನೆ. ಅವನನ್ನು ತಡೆಯಲಾಗದ ಸೇನಾಧಿಪತಿ ಪಾನ್ ಮೇ ಕೂಡ ಹೊರಡುತ್ತಾನೆ. ಸಂಜೆ ಯಾಂಗ್ ಯೆ ಕಾದಾಡುತ್ತಾ ಅಲ್ಲಿಗೆ ಬಂದರೆ ಒಂದು ನರಪಿಳ್ಳೆಯೂ ಇಲ್ಲ.

ಖಳನಾಯಕ ಹಲ್ಲು ಕಡಿಯುವ ಅಗತ್ಯವೇ ಬೀಳಲಿಲ್ಲ. ಇಡೀ ಚಿತ್ರವನ್ನು ಆ ಒಂದು ದಿನಕ್ಕೆ ಇಳಿಸಿದೆ.

ಹಣ ಹಾಕುವವರು ಒಪ್ಪಲಿಲ್ಲ. ಆನ್‌ಲೈನ್ ಚಿತ್ರವೆಂದರೆ ಮೊದಲ ಆರು ನಿಮಿಷ ನೋಡಲು ಉಚಿತ, ಅದನ್ನು ದಾಟಿದವನಷ್ಟೇ ನಮಗೆ ಕಾಸು ಎಂಬ ಲೆಕ್ಕ ನಡೆಯುತ್ತಿದ್ದ ಕಾಲ. ಹಾಗಾಗಿ ಎಲ್ಲರೂ ಆರನೆಯ ನಿಮಿಷದೊಳಗೆ ಎರಡು ತಲೆ ಉರುಳಿಸುತ್ತಿದ್ದರು. ನಾನು ಆ ಆರು ನಿಮಿಷದಲ್ಲಿ ಬಿಲ್ಲಾಳುಗಳನ್ನು ಬಂಡೆಗಳ ಹಿಂದೆ ಕೂರಿಸುವುದನ್ನು ಮಾತ್ರ ತೋರಿಸಿದೆ. ಯಾರು ಎಲ್ಲಿ, ಯಾವ ಬಂಡೆಯ ಹಿಂದೆ ಎಂಬುದು ನೋಡುವವನಿಗೆ ಬಾಯಿಪಾಠವಾಗಬೇಕು. ಕೊನೆಯಲ್ಲಿ ಅದೇ ಬಂಡೆಗಳು, ಅದೇ ಕೋನ, ಯಾರೂ ಇಲ್ಲ. ಆ ಜಾಗದಲ್ಲಿ ಕೇಳುವ ಸದ್ದನ್ನು ಹೇಗೆ ಮಾಡಿದೆವೆಂದು ಬಹಳ ಜನ ಕೇಳಿದ್ದಾರೆ. ಹೇಳುವುದಿಲ್ಲ, ಇನ್ನೊಂದು ಚಿತ್ರಕ್ಕೆ ಬೇಕು.

ಹೊಡೆದಾಟವನ್ನು ಬಾಣದ ಲೆಕ್ಕದಲ್ಲಿ ಕಟ್ಟಿದೆ. ವಾಂಗ್ ಗುಯಿ ಎಂಬ ಎಪ್ಪತ್ತಮೂರರ ಮುದುಕ ಆ ದಿನ ಹತ್ತಾರು ಜನರನ್ನು ಹೊಡೆದು, ಬಾಣ ಮುಗಿದ ಮೇಲೆ ಸತ್ತನೆಂದು ದಾಖಲೆಯಿದೆ. ಅವನ ಬತ್ತಳಿಕೆಯಲ್ಲಿ ಎಷ್ಟು ಉಳಿದಿವೆ ಎಂದು ಪ್ರತಿ ಶಾಟ್‌ಗೂ ಬರೆದಿಟ್ಟೆವು. ಬಾಣ ಕಡಿಮೆಯಾದ ಹಾಗೆ ಕ್ಯಾಮೆರಾ ಅವನಿಗೆ ಹತ್ತಿರವಾಗುತ್ತದೆ. ನಟರನ್ನು ಗಾಳಿಯಲ್ಲಿ ಹಾರಿಸುವ ರೋಪ್ ಒಂದನ್ನೂ ಬಳಸಲಿಲ್ಲ. ಸಾಹಸ ನಿರ್ದೇಶಕರು ಎರಡು ದಿನ ನನ್ನೊಡನೆ ಮಾತು ಬಿಟ್ಟರು. ಮೂರನೆಯ ದಿನ, ಬರಿದಾದ ಬಿಲ್ಲನ್ನೇ ದೊಣ್ಣೆಯಾಗಿ ತಿರುಗಿಸುವ ವರಸೆಯನ್ನು ಅವರೇ ಮಾಡಿ ತೋರಿಸಿದರು.

ನಡುವೆ ಒಂದು ದುಬಾರಿ ಚಪಲ. ಮಗ ಯಾಂಗ್ ಯಾನ್‌ಝಾವೊ 999ರ ಚಳಿಗಾಲದಲ್ಲಿ ಸುಯಿಚೆಂಗ್ ಕೋಟೆಯ ಗೋಡೆಗೆ ನೀರು ಸುರಿಸಿ, ಹತ್ತಲಾಗದ ಮಂಜುಗಡ್ಡೆ ಮಾಡಿದ್ದ. ಅದನ್ನು ಕೊನೆಯ ದೃಶ್ಯವಾಗಿಸಬೇಕೆಂದು ಥರ್ಮಾಕೋಲ್ ಮೇಲೆ ಮೇಣ ಸುರಿದೆವು. ದೀಪದ ಬಿಸಿಗೆ ಕೋಟೆ ಬೆವರಿತು. ನಲವತ್ತು ಸಾವಿರ ಯುವಾನ್ ಕರಗಿದ ಮೇಲೆ ಬಿಟ್ಟೆ.

ಇನ್ನು ಸಾವು. ರಂಗದ ಮೇಲೆ ಯಾಂಗ್ ಯೆ, ಹಿಂದಿನ ಹಾನ್ ಕಾಲದ ಸೇನಾನಿ ಲಿ ಲಿಂಗ್‌ನ ಸ್ಮಾರಕ ಶಿಲೆಗೆ ತಲೆ ಚಚ್ಚಿಕೊಂಡು ಸಾಯುತ್ತಾನೆ, ಇತಿಹಾಸದಲ್ಲಿ ಸೆರೆ ಸಿಕ್ಕಿ ಮೂರು ದಿನ ಅನ್ನ ಬಿಟ್ಟು ಸಾಯುತ್ತಾನೆ. ಜಗಳ ಬೇಡವೆಂದು ಎರಡನ್ನೂ ಚಿತ್ರೀಕರಿಸಿದೆವು. ತಲೆ ತಾಗಿದೊಡನೆ ನಮ್ಮ ಶಿಲೆ ಎರಡಿಂಚು ಹಿಂದೆ ಸರಿಯಿತು. ಚರ್ಚೆ ಅಲ್ಲಿಗೆ ಮುಗಿಯಿತು.

ಕಣಿವೆಗಾಗಿ ಶಾನ್ಸಿಗೆ ಹೋಗಿ ಒಂಬತ್ತು ದಿನ ಇದ್ದೆವು. ನೆಲ ಹಸಿರಾಗಿದೆ, ಗಡಿಯುದ್ಧವೆಂದರೆ ಹಳದಿ ಧೂಳಿರಬೇಕು ಎಂದು ಛಾಯಾಗ್ರಾಹಕ ಗೊಣಗಿದ. ಯುದ್ಧ ನಡೆದದ್ದೇ ಬೇಸಗೆಯ ಕೊನೆಗೆ, ಹುಲ್ಲು ಇದ್ದೇ ಇದ್ದಿರಬೇಕು ಎಂದೆ. ಕುದುರೆಗಳಂತೂ ಖುಷಿಯಾಗಿ ಮೇಯುತ್ತಾ ನಿಂತವು, ಬಾಡಿಗೆ ಮಾತ್ರ ಒಂದೊಂದಕ್ಕೆ ದಿನಕ್ಕೆ ಏಳೆಂಟು ನೂರು ಯುವಾನ್. ಇಪ್ಪತ್ತೆರಡು ಕುದುರೆಗಳನ್ನೇ ಸಾವಿರ ಮಾಡಿದ್ದೂ ಒಂದು ಕೈಚಳಕವೇ, ಅರ್ಧ ಹೇಳುತ್ತೇನೆ: ಧೂಳು ಎಬ್ಬಿಸಿದ್ದು ಕುದುರೆಗಳಲ್ಲ.

ಹಾಕಿದ ಹಣ ನಾಲ್ಕೂವರೆ ತಿಂಗಳಲ್ಲಿ ಬಂತು, ಮೇಲೆ ಹತ್ತು ಹನ್ನೆರಡು ಲಕ್ಷ ಯುವಾನ್ ಉಳಿಯಿತು. ಆರು ನಿಮಿಷದ ವಿಷಯದಲ್ಲಿ ನನ್ನನ್ನು ಬೈದವರೇ ಈಗ ದಂತಕಥೆಯ ವೀರ ಸೊಸೆ ಮು ಗುಯಿಯಿಂಗ್ ಕಥೆ ಮಾಡಿಕೊಡಿ ಎನ್ನುತ್ತಿದ್ದಾರೆ. ಅವಳ ಹೆಸರು ಇತಿಹಾಸದಲ್ಲಿ ಇಲ್ಲವೇ ಇಲ್ಲ, ತೆರೆದು ಓದಲು ಪುಟವಿಲ್ಲ. ಮುಂಗಡ ಮಾತ್ರ ತೆಗೆದುಕೊಂಡಿದ್ದೇನೆ.