ಮಗುವಿನ ಕೇಸಿನಲ್ಲಿ ನೀವೇ ವಾದಿಸುವುದಾದರೆ

ಮಗು ಯಾರ ಹತ್ತಿರ ಇರಬೇಕು ಅನ್ನುವ ಕೇಸಿಗೆ ವಕೀಲರಿಲ್ಲದೆ ಫ್ಯಾಮಿಲಿ ಕೋರ್ಟಿಗೆ ಹೋಗುವ ಅಪ್ಪ ಅಮ್ಮಂದಿರೇ, ಜಡ್ಜ್ ನೋಡುವುದು ಮಗುವಿಗೆ ಯಾವುದು ಒಳ್ಳೆಯದು ಅಂತ, ಗಂಡ ಹೆಂಡತಿಯಲ್ಲಿ ಯಾರದು ಜಾಸ್ತಿ ತಪ್ಪು ಅಂತಲ್ಲ. ಹಳೇ ಜಗಳವನ್ನೆಲ್ಲ ಬಿಚ್ಚಿಡಬೇಡಿ. ಆದರೆ ಹೊಡೆತ, ಬೆದರಿಕೆ ಇದ್ದರೆ ಅದನ್ನು ಮೊದಲೇ ಹೇಳಿ, ಮುಚ್ಚಿಡಬೇಡಿ.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ತಾರೀಕಿನ ಪಟ್ಟಿ. ಯಾವ ದಿನ ಏನಾಯಿತು, ಅದಕ್ಕೆ ದಾಖಲೆ ಏನಿದೆ, ಒಂದೊಂದಕ್ಕೂ ಎರಡು ಸಾಲು ಸಾಕು. ಶಾಲೆಯ ರಿಪೋರ್ಟ್, ಡಾಕ್ಟರ್ ಚೀಟಿ, ಮೆಸೇಜ್‌ಗಳ ಪ್ರಿಂಟ್ ಎಲ್ಲಕ್ಕೂ ಪುಟದ ನಂಬರ್ ಹಾಕಿ ಕನಿಷ್ಠ ಮೂರು ಸೆಟ್ ಮಾಡಿ, ಜಡ್ಜ್‌ಗೆ, ಎದುರಿನವರಿಗೆ, ನಿಮಗೆ. ಮೆಸೇಜಿನಲ್ಲಿ ನಿಮಗೆ ಬೇಕಾದಷ್ಟನ್ನೇ ಕತ್ತರಿಸಿ ಕೊಟ್ಟರೆ ನಿಮ್ಮ ಮೇಲಿನ ನಂಬಿಕೆಯೇ ಹೋಗುತ್ತದೆ.

ಸುಮ್ನೆ ‘ಮಗು ನನಗೆ ಬೇಕು’ ಅಂದರೆ ಸಾಲದು. ಶಾಲೆಗೆ ಯಾರು ಬಿಡುತ್ತಾರೆ, ರಜೆಯಲ್ಲಿ ಎಲ್ಲಿರುತ್ತದೆ, ಇನ್ನೊಬ್ಬರ ಜೊತೆ ಯಾವಾಗ ಇರುತ್ತದೆ, ಇಷ್ಟನ್ನೂ ಬರೆದುಕೊಂಡು ಹೋಗಿ. ಎದುರಿನವರು ಮಾತಾಡುವಾಗ ಮಧ್ಯೆ ಬಾಯಿ ಹಾಕಬೇಡಿ, ಕಷ್ಟ ಅಂತ ಗೊತ್ತು, ಆದರೂ ಗುರುತು ಹಾಕಿಕೊಂಡು ನಿಮ್ಮ ಸರದಿಯಲ್ಲಿ ಹೇಳಿ.

ಮಗುವಿಗೆ ಮಾತ್ರ ‘ಹೀಗೆ ಹೇಳು’ ಅಂತ ದಯವಿಟ್ಟು ಕಲಿಸಬೇಡಿ. ಅದು ಮಗುವಿಗೆ ದೊಡ್ಡ ಹಿಂಸೆ. ಹೊರಡುವ ಮುಂಚೆ ಮುಂದಿನ ತಾರೀಕು ಬರೆದುಕೊಳ್ಳಿ, ಆದೇಶದ ಪ್ರತಿ ಯಾವಾಗ ಸಿಗುತ್ತದೆ ಅಂತ ಕೇಳಿ.