ಯಾವ ದೇಶದ ಸೈನಿಕರು ಹೆಚ್ಚು ಕ್ರೂರಿಗಳು? ಲೆಕ್ಕ ಹಾಕುವ ನನ್ನ ಕ್ರಮ

ಕಲಬುರಗಿಯಲ್ಲಿ ಇಪ್ಪತ್ತೆಂಟು ವರ್ಷ ಪಿಯುಸಿ ಹುಡುಗರಿಗೆ ಇತಿಹಾಸ ಪಾಠ ಮಾಡಿದೆ. ಎರಡನೇ ಮಹಾಯುದ್ಧದ ಪಾಠ ತೆಗೆದ ದಿನವೇ ಹಿಂದಿನ ಬೆಂಚಿನಿಂದ ಪ್ರಶ್ನೆ ಬರುವುದು ಖಾತ್ರಿ: "ಸರ್, ಎಲ್ಲಾರಿಗಿಂತ ಕ್ರೂರ ಯಾರ್ರಿ? ಜರ್ಮನಿಯವರೋ ಜಪಾನಿನವರೋ?" ಬ್ಯಾಟಿಂಗ್ ರ್‍ಯಾಂಕಿಂಗ್ ಕೇಳುವ ಧಾಟಿ. ಮೊದಮೊದಲು ಬೈದು ಕೂಡಿಸುತ್ತಿದ್ದೆ. ನಿವೃತ್ತಿಯಾದ ಮೇಲೆ ಅಕ್ಕನ ಮಗ ಚರ್ಚಾಸ್ಪರ್ಧೆಗೆಂದು ಅದೇ ಪ್ರಶ್ನೆ ಹಿಡಿದು ಮನೆಗೆ ಬಂದ. ಮೊಬೈಲಿನಲ್ಲಿ ಹತ್ತು ಕ್ರೂರ ಸೇನೆಗಳ ಪಟ್ಟಿ ಇದ್ದ ವಿಡಿಯೊ. "ಮಾಮಾ, ಇದರಾಗ ಒಂದನೇ ನಂಬರ್ ಖರೇ ಏನ್ರಿ?" ಎಂದ. ಎರಡು ಸಂಜೆ ಅವನ ಕೈಯಿಂದ ಮಾಡಿಸಿದ ಕೆಲಸವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸಾಮಾನು ಹೆಚ್ಚೇನೂ ಬೇಡ. ಉದ್ದನೆಯ ನೋಟ್‌ಬುಕ್, ಒಂದು ಪೆನ್ನು, ಒಂದು ಪೆನ್ಸಿಲ್, ಮೊಬೈಲಿನ ಕ್ಯಾಲ್ಕುಲೇಟರ್. ಎದುರಾಳಿಗಳಿಬ್ಬರೂ ಒಪ್ಪುವ ಅಂಕಿ ಪೆನ್ನಿನಲ್ಲಿ, ಜಗಳವಿರುವ ಅಂಕಿ ಪೆನ್ಸಿಲ್‌ನಲ್ಲಿ. ಈ ಒಂದು ಶಿಸ್ತು ಪಾಲಿಸಿದರೆ ಅರ್ಧ ಕೆಲಸ ಮುಗಿದಂತೆ.

'ಕ್ರೌರ್ಯ' ಅಂತ ಇಡಿಯಾಗಿ ಅಳೆಯಲು ಹೋಗಬೇಡಿ. ಊರು ಸುಟ್ಟಿದ್ದು, ಹೆಂಗಸರ ಮೇಲಿನ ಅತ್ಯಾಚಾರ, ಆಕಾಶದಿಂದ ಹಾಕಿದ ಬಾಂಬು, ಎಲ್ಲವನ್ನೂ ಒಂದೇ ತಕ್ಕಡಿಗೆ ಸುರಿದರೆ ಮುಳ್ಳು ಎತ್ತ ಬೇಕಾದರೂ ವಾಲುತ್ತದೆ. ಒಂದೇ ಬಗೆಯ ಕೃತ್ಯ ಆರಿಸಿಕೊಳ್ಳಿ. ಹೊಸಬರಿಗೆ ನಾನು ಹೇಳುವುದು ಯುದ್ಧಕೈದಿಗಳ ಲೆಕ್ಕ. ಸೆರೆ ಸಿಕ್ಕವರೆಷ್ಟು, ಸತ್ತವರೆಷ್ಟು ಎಂಬ ಎರಡಕ್ಕೂ ಸಾಮಾನ್ಯವಾಗಿ ದಾಖಲೆ ಇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಕೈದಿ ಅಂದರೆ ಆಯುಧ ಕೆಳಗಿಟ್ಟವನು. ಅವನು ಸತ್ತರೆ 'ಯುದ್ಧ ಅಂದಮೇಲೆ ಸಾವು ಇದ್ದದ್ದೇ' ಎಂಬ ಮಾತು ನಡೆಯುವುದಿಲ್ಲ.

ಸರಿ, ಭಾಗಿಸಿ. ಎರಡನೇ ಮಹಾಯುದ್ಧದ ನಂತರ ಜಪಾನಿನ ನಾಯಕರ ವಿಚಾರಣೆ ನಡೆಸಿದ ಟೋಕಿಯೊ ನ್ಯಾಯಮಂಡಳಿಯ ತೀರ್ಪಿನಲ್ಲಿ ಒಂದು ಜೋಡಿ ಅಂಕಿ ಇದೆ. ಜಪಾನಿನ ಕೈಗೆ ಸಿಕ್ಕ ಅಮೆರಿಕ ಮತ್ತು ಬ್ರಿಟನ್ ಪಡೆಗಳ ಕೈದಿಗಳು 1,32,134, ಸತ್ತವರು 35,756. ನೂರಕ್ಕೆ 27. ಜರ್ಮನಿ ಮತ್ತು ಇಟಲಿಯ ಕೈಗೆ ಸಿಕ್ಕ ಅಂಥದೇ ಕೈದಿಗಳು 2,35,473, ಸತ್ತವರು 9,348. ನೂರಕ್ಕೆ 4. ನಮ್ಮ ಹುಡುಗ ಕ್ಯಾಲ್ಕುಲೇಟರ್ ಕೆಳಗಿಟ್ಟು, "ಮುಗೀತಲ್ರಿ ಮಾಮಾ, ಜಪಾನ್ ಫಸ್ಟ್" ಅಂದ. ಮುಂದಿನ ಸಾಲು ಬರಿ ಅಂದೆ. ಅದೇ ಜರ್ಮನಿಯ ಕೈಗೆ ಸಿಕ್ಕ ಸೋವಿಯತ್ ಕೈದಿಗಳು ಸುಮಾರು 57 ಲಕ್ಷ, ಸತ್ತವರು ಸುಮಾರು 33 ಲಕ್ಷ. ಇದನ್ನು ಪೆನ್ಸಿಲ್‌ನಲ್ಲಿ ಬರೆಯಿರಿ, ಇತಿಹಾಸಕಾರರಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇದೆ. ಆದರೂ ನೂರಕ್ಕೆ ಐವತ್ತರ ಮೇಲೆಯೇ. 1942ರ ಫೆಬ್ರುವರಿ ಹೊತ್ತಿಗಾಗಲೇ 20 ಲಕ್ಷದಷ್ಟು ಮಂದಿ ಹಸಿವು, ಚಳಿ, ರೋಗ, ಗುಂಡಿಗೆ ಮುಗಿದಿದ್ದರು. ಬಯಲಿಗೆ ಮುಳ್ಳುತಂತಿ ಸುತ್ತಿ ಅದನ್ನೇ ಕ್ಯಾಂಪ್ ಅಂದಿದ್ದರು. ಎಷ್ಟೋ ಕಡೆ ತಲೆ ಮೇಲೊಂದು ಸೂರೂ ಇರಲಿಲ್ಲ.

ಅದೇ ಸೈನ್ಯ, ಅದೇ ಸಮವಸ್ತ್ರ, ಅದೇ ಯುದ್ಧ. ಲಂಡನ್ನಿನವನು ಸಿಕ್ಕರೆ ನೂರಕ್ಕೆ ನಾಲ್ಕು, ಸೋವಿಯತ್ ನಗರ ಮಿನ್ಸ್ಕ್‌ನವನು ಸಿಕ್ಕರೆ ಐವತ್ತೆಂಟು. ಹುಡುಗ ಬಹಳ ಹೊತ್ತು ಆ ಪುಟ ನೋಡುತ್ತ ಕೂತ. ಚಹಾ ಆರಿಹೋಯಿತು.

ಹಾಗಾಗಿ ನೋಟ್‌ಬುಕ್ಕಿನಲ್ಲಿ 'ದೇಶ' ಎಂಬ ಒಂದೇ ಕಾಲಂ ಸಾಲದು. 'ಯಾರ ಮೇಲೆ', 'ಯಾವ ವರ್ಷ', 'ಯಾರ ಆದೇಶ' ಎಂದು ಇನ್ನೂ ಮೂರು ಎಳೆಯಿರಿ. ಆದೇಶದ ಕಾಲಂ ತುಂಬುವುದು ಎಲ್ಲಕ್ಕಿಂತ ಕಷ್ಟ, ಬೆಲೆಯೂ ಅದಕ್ಕೇ ಹೆಚ್ಚು. ಜರ್ಮನಿ ರಷ್ಯಾದ ಮೇಲೆ ಏರಿಹೋದದ್ದು 1941ರ ಜೂನ್ 22. ನಾಗರಿಕರ ಮೇಲೆ ಸೈನಿಕ ಎಸಗಿದ ಅಪರಾಧಕ್ಕೆ ಮೊಕದ್ದಮೆ ಹೂಡಲೇಬೇಕೆಂದಿಲ್ಲ ಎಂಬ ಆದೇಶ ಹೊರಟದ್ದು ಮೇ 13ಕ್ಕೆ. ಸೆರೆ ಸಿಕ್ಕ ಸೋವಿಯತ್ ಕಮಿಸಾರರನ್ನು, ಅಂದರೆ ಸೈನ್ಯದೊಳಗಿನ ರಾಜಕೀಯ ಅಧಿಕಾರಿಗಳನ್ನು, ಗುಂಡಿಟ್ಟು ಕೊಲ್ಲಿ ಎಂಬ ಆದೇಶ ಜೂನ್ 6ಕ್ಕೆ. ತಾರೀಖು ನೋಡಿ. ಗೆಳೆಯನ ಹೆಣ ಕಂಡು ರೊಚ್ಚಿಗೆದ್ದ ಸಿಪಾಯಿ ಮಾಡಿದ್ದು ಇದು ಅನ್ನುವಂತಿಲ್ಲ. ಮೊದಲ ಗುಂಡು ಹಾರುವ ಮುಂಚೆಯೇ ಕಚೇರಿಯಲ್ಲಿ ಟೈಪಾಗಿತ್ತು.

ಮುಂದಿನ ಕೆಲಸ, ಅದೇ ಸೈನ್ಯವನ್ನು ಹಳೆಯ ಕಾಲದಲ್ಲಿ ಹುಡುಕುವುದು. ಜಪಾನಿನದು ಇದಕ್ಕೆ ಹೇಳಿಮಾಡಿಸಿದ ಉದಾಹರಣೆ. 1904-05ರಲ್ಲಿ ರಷ್ಯಾ ಜೊತೆ ಕಾದಾಡಿ 70 ಸಾವಿರಕ್ಕೂ ಹೆಚ್ಚು ಜನರನ್ನು ಸೆರೆಹಿಡಿದ ಜಪಾನ್, ಅವರನ್ನು ನೋಡಿಕೊಂಡ ರೀತಿಗೆ ಜಗತ್ತೇ ತಲೆದೂಗಿತ್ತು. ಮೊದಲ ಮಹಾಯುದ್ಧದಲ್ಲಿ ಚೀನಾದಲ್ಲಿ ಜರ್ಮನಿಯ ಹಿಡಿತದಲ್ಲಿದ್ದ ಚಿಂಗ್‌ದಾವ್‌ನಿಂದ ತಂದ ಜರ್ಮನ್ ಕೈದಿಗಳು ಜಪಾನಿನ ಬಾಂಡೊ ಎಂಬ ಕ್ಯಾಂಪಿನಲ್ಲಿ ವಾದ್ಯವೃಂದ ಕಟ್ಟಿ, 1918ರ ಜೂನ್ 1ರಂದು ಬೀಥೋವನ್‌ನ ಒಂಬತ್ತನೇ ಸಿಂಫನಿ ನುಡಿಸಿದರು. ಕೈದಿಗಳು! ಅದಾಗಿ ಇಪ್ಪತ್ತೈದು ವರ್ಷ ಕಳೆಯುವುದರೊಳಗೆ ಜಪಾನ್ ಕೈದಿಗಳಿಂದ ಹಾಕಿಸಿದ ಬರ್ಮಾ-ಸಯಾಮ್ (ಈಗಿನ ಥಾಯ್ಲೆಂಡ್) ರೈಲುಹಳಿಯ 415 ಕಿಲೋಮೀಟರ್ ಉದ್ದಕ್ಕೂ ಕೈದಿಗಳ ಹೆಣ ಬಿದ್ದವು. ಮಲಯಾದಿಂದ ಎಳೆದೊಯ್ದ ತಮಿಳರೂ ಸೇರಿ ಏಷ್ಯಾದ ಕೂಲಿಗಳು ಅವರಿಗಿಂತ ಎಷ್ಟೋ ಪಾಲು ಹೆಚ್ಚು ಸತ್ತರು. ನಡುವೆ ಬದಲಾದದ್ದೇನು ಎಂದು ಹುಡುಕಿದರೆ 1941ರ ಜನವರಿಯ ಸೈನಿಕ ಸಂಹಿತೆ ಸಿಗುತ್ತದೆ: ಸೆರೆಯಾಳಾಗುವ ಅವಮಾನಕ್ಕೆ ಜೀವಂತ ಒಳಗಾಗಬೇಡ ಎಂದು ತನ್ನ ಸಿಪಾಯಿಗೇ ಹೇಳಿದ ಸೈನ್ಯ, ಶರಣಾದ ಶತ್ರುವಿಗೆ ಯಾವ ಮರ್ಯಾದೆ ಕೊಟ್ಟೀತು?

ಆದರೆ ಇಲ್ಲಿಗೇ ನಿಂತು 'ಹಳೇ ಜಪಾನ್ ಒಳ್ಳೇದು' ಅಂದುಬಿಟ್ಟರೆ ಮತ್ತೆ ಎಡವಿದಿರಿ. 1894ರ ನವೆಂಬರ್‌ನಲ್ಲಿ ಚೀನಾದ ಬಂದರು ಪೋರ್ಟ್ ಆರ್ಥರಿನಲ್ಲಿ ಇದೇ ಸೈನ್ಯ ಚೀನೀಯರನ್ನು ಕಂಡಕಂಡಲ್ಲಿ ಕೊಚ್ಚಿಹಾಕಿತ್ತು. ಹತ್ತು ವರ್ಷದ ನಂತರ ರಷ್ಯನ್ನರಿಗೆ ತೋರಿದ ಸೌಜನ್ಯದಲ್ಲಿ, ಯುರೋಪಿನವರು ನೋಡುತ್ತಿದ್ದಾರೆ ಎಂಬ ಲೆಕ್ಕಾಚಾರವೂ ಇತ್ತು ಎಂಬುದು ನನ್ನ ಅನಿಸಿಕೆ. 'ಯಾರ ಮೇಲೆ' ಎಂಬ ಕಾಲಂ ಮತ್ತೆ ಕೆಲಸಕ್ಕೆ ಬಂತಲ್ಲ.

ಕೈದಿ ಸೆರೆ ಸಿಕ್ಕಾಗ ಹೇಗಿದ್ದ ಎಂಬುದನ್ನೂ ನೋಡಿ. ಸ್ಟಾಲಿನ್‌ಗ್ರಾಡಿನಲ್ಲಿ ಶರಣಾದ ಸುಮಾರು 91 ಸಾವಿರ ಮಂದಿಯಲ್ಲಿ ಜರ್ಮನಿಗೆ ವಾಪಸಾದವರು ಐದಾರು ಸಾವಿರ ಅಷ್ಟೆ. ಭಯಾನಕ ಅಂಕಿ. ಆದರೆ ಮುತ್ತಿಗೆಯಲ್ಲಿ ತಿಂಗಳುಗಟ್ಟಲೆ ಉಪವಾಸ ಬಿದ್ದು, ಜ್ವರ ಹತ್ತಿದವರು ಅವರು. ರಷ್ಯನ್ನರ ತಪ್ಪು ಇದರಿಂದ ತೊಳೆದುಹೋಗುವುದಿಲ್ಲ. ಪಕ್ಕದಲ್ಲಿ ಒಂದು ಟಿಪ್ಪಣಿ ಬೇಕು, ಅಷ್ಟೇ.

ಸತ್ತವರ ಸಂಖ್ಯೆ ಹೇಳುತ್ತಿರುವವರು ಯಾರು ಎಂದು ಪ್ರತಿ ಸಾಲಿಗೂ ಕೇಳಿ. ಅಮೆರಿಕದ ಸೈನಿಕರು ಹಳ್ಳಿಗರನ್ನು ಕೊಂದ ವಿಯೆಟ್ನಾಮಿನ ಮೈ ಲಾಯ್, 1968ರ ಮಾರ್ಚ್ 16: ಅಮೆರಿಕ ಸೈನ್ಯದ ತನಿಖೆ ಪ್ರಕಾರ 347, ಊರಿನ ಸ್ಮಾರಕದಲ್ಲಿ 504. ಆದರೆ ಸೈನ್ಯ ಮೊಟ್ಟಮೊದಲು ಕೊಟ್ಟ ವರದಿಯಲ್ಲಿ ಇದ್ದದ್ದು 128 ಶತ್ರುಗಳ ಹತ್ಯೆ, ವಶಪಡಿಸಿಕೊಂಡ ಬಂದೂಕು ಮೂರು. ನೂರಿಪ್ಪತ್ತೆಂಟು ಯೋಧರ ಹತ್ತಿರ ಮೂರೇ ಬಂದೂಕು! ಇಂಥ ಹೊಂದಿಕೆಯಾಗದ ಜೋಡಿ ಅಂಕಿ ಕಂಡರೆ ಅಲ್ಲೇ ಅಗೆಯಿರಿ. 1971ರ ಬಾಂಗ್ಲಾದಲ್ಲಿ ಸತ್ತವರು 30 ಲಕ್ಷ ಎಂದು ಢಾಕಾ, 26 ಸಾವಿರ ಎಂದು ಪಾಕಿಸ್ತಾನದ ಹಮೂದುರ್ ರೆಹಮಾನ್ ಆಯೋಗ. ಎರಡನ್ನೂ ಪೆನ್ಸಿಲ್‌ನಲ್ಲಿ ಬರೆದು, ಹೇಳಿದವರ ಹೆಸರು ಪಕ್ಕದಲ್ಲಿ ಹಾಕಿ. ಸರಾಸರಿ ಮಾತ್ರ ತೆಗೆಯಬೇಡಿ, ಅದು ಯಾರೂ ಹೇಳದ ಮೂರನೇ ಸುಳ್ಳು.

ಸುಳ್ಳು ಅಂದೆನಲ್ಲ, ನನ್ನದೂ ಒಂದು ಇದೆ. ಒಮ್ಮೆ ಕಾಲೇಜಿನ ನೋಟಿಸ್ ಬೋರ್ಡಿಗೆ, ಜಪಾನ್ ಸೈನ್ಯ 1937ರಲ್ಲಿ ಹತ್ಯಾಕಾಂಡ ನಡೆಸಿದ ಚೀನಾದ ನಾಂಜಿಂಗ್‌ನದು ಎಂದು ಒಂದು ಫೋಟೊ ಅಂಟಿಸಿದ್ದೆ. ಬೇರೆ ಯಾವುದೋ ಯುದ್ಧದ ಚಿತ್ರ ಅದು ಎಂದು ತೋರಿಸಿಕೊಟ್ಟವಳು ಪ್ರಥಮ ಪಿಯುಸಿಯ ಹುಡುಗಿ. ಚಿತ್ರ ಸುಳ್ಳಾದ ಮಾತ್ರಕ್ಕೆ ನಾಂಜಿಂಗ್ ಸುಳ್ಳಾಗುವುದಿಲ್ಲ, ಆದರೆ ಆ ದಿನ ತರಗತಿಯಲ್ಲಿ ನನ್ನ ಮಾತಿಗೆ ತೂಕ ಇರಲಿಲ್ಲ. 1914ರಲ್ಲಿ ಬೆಲ್ಜಿಯಂನಲ್ಲಿ ಆದದ್ದೂ ಇದೇ. ಜರ್ಮನ್ ಸೈನ್ಯ ಡಿನಾಂಟ್ ಊರಿನಲ್ಲಿ 674 ನಾಗರಿಕರನ್ನು ಕೊಂದದ್ದು ನಿಜ, ಲೂವೆನ್ನಿನ ಗ್ರಂಥಾಲಯ ಸುಟ್ಟದ್ದು ನಿಜ. ಅದು ಸಾಲದು ಎಂಬಂತೆ ಜರ್ಮನಿಯ ಎದುರಾಳಿಗಳು, ಅವರು ಮಕ್ಕಳ ಕೈ ಕತ್ತರಿಸಿದರು ಎಂದೂ, ಮುಂದೆ 1917ರಲ್ಲಿ ಹೆಣಗಳಿಂದ ಕೊಬ್ಬು ತೆಗೆವ ಕಾರ್ಖಾನೆ ಇಟ್ಟಿದ್ದಾರೆ ಎಂದೂ ಕಥೆ ಕಟ್ಟಿದರು. ಮುಂದೆ ಯಹೂದಿಗಳ ಹತ್ಯೆಯ ಸುದ್ದಿ ಬಂದಾಗ, 'ಇದೂ ಹಳೇ ಕಥೆಯೇ' ಎಂದು ತಳ್ಳಿಹಾಕಿದವರು ಎಷ್ಟೋ ಮಂದಿ.

ಆಮೇಲೆ ಆ ಸೈನ್ಯ ತನ್ನವರಿಗೆ ಏನು ಮಾಡಿತು, ಅದಕ್ಕೂ ಒಂದು ಕಾಲಂ ಇರಲಿ. ಮೈ ಲಾಯ್‌ಗೆ ಶಿಕ್ಷೆಯಾದದ್ದು ಲೆಫ್ಟಿನೆಂಟ್ ಕ್ಯಾಲಿ ಒಬ್ಬನಿಗೆ. ಅನುಭವಿಸಿದ್ದು ಹೆಚ್ಚೂಕಡಿಮೆ ಮೂರೂವರೆ ವರ್ಷ, ಬಹುಪಾಲು ಗೃಹಬಂಧನ. ಅಲ್ಲಿ ತನ್ನ ಹೆಲಿಕಾಪ್ಟರನ್ನು ಹಳ್ಳಿಗರಿಗೂ ತನ್ನದೇ ಸೈನಿಕರಿಗೂ ನಡುವೆ ಇಳಿಸಿದ ಹ್ಯೂ ಥಾಂಪ್ಸನ್‌ಗೆ ಪದಕ ಬಂದದ್ದು 1998ರಲ್ಲಿ.

ಕೊನೆಯ ಸಾಲು ನಿಮ್ಮವರದೇ ಇರಬೇಕು, ಅದಿಲ್ಲದೆ ಪುಸ್ತಕ ಮುಚ್ಚಬಾರದು. ಹುಡುಗ ಖುಷಿಯಿಂದ 1971 ಬರೆದ: 93 ಸಾವಿರ ಪಾಕಿಸ್ತಾನಿ ಕೈದಿಗಳನ್ನು ಜಿನೀವಾ ನಿಯಮದಂತೆ ಇಟ್ಟುಕೊಂಡು ವಾಪಸು ಕಳಿಸಿದ್ದು. ಬರೆಯಲಿ, ಹೆಮ್ಮೆಪಡುವಂಥದ್ದೇ. ಅದರ ಕೆಳಗೆ 1948 ಎಂದು ಬರೆ ಅಂದೆ. ನಮ್ಮ ಭಾಗದಲ್ಲಿ, ಹೈದರಾಬಾದ್ ನಿಜಾಮನ ಪರ ನಿಂತ ಖಾಸಗಿ ಪಡೆ ರಜಾಕಾರರ ಹಾವಳಿ ಎಲ್ಲ ಮನೆಯ ಕಥೆ. ಬೀದರಿನ ಗೋರ್ಟಾದಲ್ಲಿ ಆ ಮೇ ತಿಂಗಳು ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಅದು ಒಂದು ಸಾಲು. ಭಾರತದ ಸೈನ್ಯ ನಿಜಾಮನ ಸಂಸ್ಥಾನಕ್ಕೆ ನುಗ್ಗಿದ ಸೆಪ್ಟೆಂಬರ್‌ನ 'ಪೊಲೀಸ್ ಕಾರ್ಯಾಚರಣೆ'ಯ ನಂತರ ಆದದ್ದು ಇನ್ನೊಂದು ಸಾಲು. ನೆಹರೂ ಕಳಿಸಿದ ಸುಂದರಲಾಲ್ ಸಮಿತಿ ಹೈದರಾಬಾದ್ ಸಂಸ್ಥಾನದಲ್ಲಿ ಕಡಿಮೆಯೆಂದರೂ 27ರಿಂದ 40 ಸಾವಿರ ಜನ ಸತ್ತರೆಂದು ಅಂದಾಜಿಸಿತು. ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಕಲಬುರಗಿ, ಬೀದರ್ ಎರಡೂ ಇವೆ. ಎಷ್ಟೋ ಕಡೆ ಸೈನ್ಯ ಶಿಸ್ತಿನಿಂದ ನಡೆಯಿತು ಎಂದೂ, ಕೆಲವು ಕಡೆ ಸೈನಿಕರೇ ಲೂಟಿಗೆ, ಕೊಲೆಗೆ ಕೈಹಾಕಿದರು ಎಂದೂ ಅದೇ ವರದಿ ಹೇಳುತ್ತದೆ. ನಮ್ಮವ್ವ ರಜಾಕಾರರ ಕಥೆಯನ್ನು ದಿನಾ ಹೇಳುತ್ತಿದ್ದಳು. ಓಣಿಯಲ್ಲಿ ಬೀಗ ಬಿದ್ದ ಮುಸ್ಲಿಮರ ಮನೆಗಳ ಬಗ್ಗೆ ಕೇಳಿದರೆ, "ಹೋದ್ರು" ಅಂತಿದ್ದಳು, ಅಷ್ಟೇ.

"ಇದನ್ನ ಸ್ಟೇಜ್ ಮ್ಯಾಲೆ ಹೇಳಬೇಕೇನ್ರಿ ಮಾಮಾ?" ಎಂದ ಹುಡುಗ. ಅದು ನಿನಗೆ ಬಿಟ್ಟದ್ದು ಅಂದೆ. ಕೊಟ್ಟ ಐದು ನಿಮಿಷದಲ್ಲಿ ಅವನು ಮಾತಾಡಿದ್ದು ಎರಡೇ ಸಾಲಿನ ಮೇಲೆ, ಲಂಡನ್ನಿನವನು ಮತ್ತು ಮಿನ್ಸ್ಕ್‌ನವನು. ಬಹುಮಾನ ಬರಲಿಲ್ಲ. ನೋಟ್‌ಬುಕ್ ಅವನ ಹತ್ತಿರವೇ ಇದೆ, 1948ರ ಸಾಲನ್ನು ಪೆನ್ಸಿಲ್‌ನಲ್ಲಿ ಬರೆದಿಟ್ಟುಕೊಂಡಿದ್ದಾನೆ.