ಪರ್ಲಾನೊ ಅಲ್ಲ, ಪಾರ್ಲನೊ

ಇಟಾಲಿಯನ್ ಕಲಿಯಲು ಶುರುಮಾಡಿ ಮೂರು ತಿಂಗಳಾದರೂ ಒಂದು ತಪ್ಪು ಬಿಡುತ್ತಲೇ ಇರಲಿಲ್ಲ. ‘ಅವರು ಮಾತಾಡುತ್ತಾರೆ’ ಅನ್ನಲು ‘ಪರ್ಲಾನೊ’ ಅನ್ನುತ್ತಿದ್ದೆ. ‘ನೀವು ಮಾತಾಡುತ್ತೀರಿ’ ಅನ್ನೋದು ‘ಪರ್ಲಾತೆ’. ಅದರಲ್ಲಿ ಒತ್ತು, ಅಂದರೆ ಜೋರು ಕೊಟ್ಟು ಹೇಳುವ ಜಾಗ, ‘ಲಾ’ ಮೇಲೆ. ಅದೇ ಧಾಟಿ ನನ್ನ ಬಾಯಿಗೆ ಅಂಟಿಕೊಂಡಿತ್ತು.

ದಾರಿ ಸಿಕ್ಕಿದ್ದು ‘ನಾನು’ ರೂಪದಿಂದ. ‘ಪಾರ್ಲೊ’ದಲ್ಲಿ ಒತ್ತು ಮೊದಲ ತುಂಡಿನ ಮೇಲೆ. ‘ಅವರು’ ರೂಪದಲ್ಲೂ ಒತ್ತು ಅಲ್ಲೇ ನಿಲ್ಲುತ್ತದೆ, ಕೊನೆಯ ‘ಒ’ ಬದಲು ‘ಅನೊ’ ಬರುತ್ತದೆ ಅಷ್ಟೇ: ಪಾರ್ಲನೊ. ‘ವಾಸಿಸುತ್ತೇನೆ’ ಆಬಿತೊ, ‘ವಾಸಿಸುತ್ತಾರೆ’ ಆಬಿತನೊ. ಒತ್ತು ಕೊನೆಯಿಂದ ನಾಲ್ಕನೇ ತುಂಡಿನ ಮೇಲೆ! ‘ನಾವು’, ‘ನೀವು’ ರೂಪಗಳಲ್ಲಿ ಮಾತ್ರ ಒತ್ತು ಪ್ರತ್ಯಯಕ್ಕೆ ಜಾರುತ್ತದೆ: ಪರ್ಲ್ಯಾಮೊ, ಪರ್ಲಾತೆ.

ಇದು ಸುಮ್ನೆ ಉಚ್ಚಾರದ ಮಾತಲ್ಲ. ‘ಪಾರ್ಲೊ’ದಲ್ಲಿ ಒತ್ತು ಕೊನೆಯ ‘ಒ’ ಮೇಲೆ ಬಿದ್ದರೆ ‘ಮಾತಾಡುತ್ತೇನೆ’ ಹೋಗಿ ‘ಅವನು ಮಾತಾಡಿದ’ ಆಗುತ್ತದೆ. ಬರೆಯುವಾಗ ಆ ಒ ಮೇಲೆ ಗೆರೆ ಹಾಕುತ್ತಾರೆ.

ಪದ ಒಡೆಯುವಲ್ಲೂ ಎಡವಿದ್ದೆ. ಇಟಾಲಿಯನ್‌ನ ‘ಮಮ್ಮ’ (ಅಮ್ಮ) ಪದವನ್ನು ಕನ್ನಡದಲ್ಲಿ ಬರೆದರೆ ಮ, ಮ್ಮ ಎಂದು ಎರಡು ಅಕ್ಷರ ಕಾಣುತ್ತದೆ, ಅಲ್ವಾ? ಇಟಾಲಿಯನ್‌ನಲ್ಲಿ ಅದು ಮಮ್-ಮ. ಹಾಗೇ ಪಾರ್-ಲ-ನೊ. ಆದರೆ ‘ಸ್’ ಮುಂದಿನ ವ್ಯಂಜನದ ಜೊತೆಗೇ ಹೋಗುತ್ತದೆ: ಪಾ-ಸ್ತ. ಇದು ನಮ್ಮ ಬರವಣಿಗೆಯ ಹಾಗೇ ಇದೆ, ನನಗೆ ಬಹಳ ಖುಷಿಯಾಯಿತು.

ಈಗ ಹೊಸ ಕ್ರಿಯಾಪದ ಸಿಕ್ಕಿದಾಗ ಮೊದಲು ‘ನಾನು’ ರೂಪವನ್ನು ತುಂಡು ಮಾಡಿ, ಚಪ್ಪಾಳೆ ತಟ್ಟಿ ಹೇಳುತ್ತೇನೆ. ಒತ್ತು ಬಂದಲ್ಲಿ ಜೋರು ಚಪ್ಪಾಳೆ. ಆಮೇಲೆ ‘ಅವರು’.